ನೋಡುವ ಕೂಲಿ



ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ನಮ್ಮ ಸಂಘದ ಪಿಕಪ್ ಗಾಡಿಯ ರಿಪೇರಿ ಖರ್ಚಿನ ಮೇಲೆ ನಡೆದ ಚರ್ಚೆ ಬಹಳ ಮಂದಿಗೆ ನೆನಪಿರಬಹುದು. ಲೆಕ್ಕಪತ್ರದಲ್ಲಿ "ಪರಿಶೀಲನೆಯ ಬಾಬ್ತು ರೂ. ೬೦೦" ಎಂಬ ಒಂದು ಸಾಲು ಕಂಡದ್ದೇ ತಡ, ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಸೆಕ್ರೆಟರಿಗಳೇ, ರಿಪೇರಿ ಮಾಡಿದ್ದಕ್ಕೆ ದುಡ್ಡು ಕೊಟ್ಟದ್ದು ಸರಿ. ಬರೀ ನೋಡಿದ್ದಕ್ಕೂ ಕೊಡ್ತೀರಾ?" ಎಂದು ಕೇಳಿದರು. ಸಭೆ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದ್ದರಿಂದ ಉತ್ತರ ಹೇಳಲು ಅವಕಾಶವಾಗಲಿಲ್ಲ. ಸಂಘದ ಒಂದೊಂದು ರೂಪಾಯಿಗೂ ಲೆಕ್ಕ ಕೇಳುವ ಹಕ್ಕು ಸದಸ್ಯರಿಗಿದೆ. ಆದುದರಿಂದ ಆ ಆರು ನೂರರ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಒಪ್ಪಿಸುತ್ತಿದ್ದೇನೆ. ಇದರಲ್ಲಿ ನನ್ನದೇ ತಪ್ಪೂ ಒಂದಿದೆ. ಅದನ್ನೂ ಹೇಳುತ್ತೇನೆ.

ಸಂಘದ ಪಿಕಪ್ಪಿಗೆ ಈಗ ಹನ್ನೊಂದು ವರ್ಷ. ಗೊಬ್ಬರ, ಮೈಲುತುತ್ತ, ಸುಣ್ಣ, ಕಾಫಿ ಚೆರಿ, ಅಡಕೆ ಮೂಟೆ, ಒಮ್ಮೊಮ್ಮೆ ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾದ ರೋಗಿ, ಎಲ್ಲವನ್ನೂ ಹೊತ್ತ ಗಾಡಿ ಅದು. ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಹೊಗೆ ಹೆಚ್ಚಾಯಿತು. ಏರಿನಲ್ಲಿ ಉಸಿರು ಕಟ್ಟತೊಡಗಿತು. ಆಯಿಲ್ ಕುಡಿಯುವುದೂ ಶುರುವಾಯಿತು. ಹೀಗಾಗಿ ಜನವರಿಯಲ್ಲಿ ಇಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸಿದೆವು. ಲೈನರ್, ಪಿಸ್ಟನ್, ರಿಂಗು, ಬೇರಿಂಗು, ಹೆಡ್ ಫೇಸಿಂಗ್, ಎಲ್ಲ ಸೀಲು ಮತ್ತು ಗ್ಯಾಸ್ಕೆಟ್‌ಗಳು, ಒಟ್ಟು ರೂ. ೮೬,೦೦೦. ಅದರಲ್ಲಿ ೬೮,೦೦೦ ಕೊಟ್ಟು, ಬಾಕಿ ೧೮,೦೦೦ವನ್ನು ಗಾಡಿ ಒಂದು ತಿಂಗಳು ಓಡಿದ ಮೇಲೆ ಕೊಡುವುದೆಂದು ಮೇಸ್ತ್ರಿಗಳೊಂದಿಗೆ ಮಾತಾಗಿತ್ತು. ಮೇಸ್ತ್ರಿಗಳು ಹಳಬರು. ತಗಡಿನ ಮಾಡಿನ ಕೆಳಗೆ ಇಬ್ಬರು ಹುಡುಗರನ್ನು ಇಟ್ಟುಕೊಂಡು ಕೆಲಸ ಮಾಡುವವರು.

ಗಾಡಿ ಬಂದ ಐದನೆಯ ದಿನ ಬೆಳಿಗ್ಗೆ ಗೋದಾಮಿನ ಮುಂದೆ ನಿಂತ ಜಾಗದಲ್ಲಿ ಅಂಗೈಯಗಲ ಎಣ್ಣೆ. ಮರುದಿನ ತಟ್ಟೆಯಗಲ. ಡ್ರೈವರ್ ಹುಡುಗ ಬಗ್ಗಿ ನೋಡಿ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ತಳದಿಂದ ತೊಟ್ಟಿಕ್ಕುತ್ತಿದೆ ಎಂದ. ಅಷ್ಟು ಸಾಕಾಯಿತು. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಒಂದೇ ತೀರ್ಪು ಕೊಟ್ಟರು, "ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಮೇಸ್ತ್ರಿ ಹಳೇ ಸೀಲನ್ನೇ ಹಾಕಿದ್ದಾನೆ." ಪೇಟೆಯ ಇನ್ನೊಂದು ಗ್ಯಾರೇಜಿಗೆ ಫೋನು ಮಾಡಿ ಕೇಳಿದ್ದಕ್ಕೆ ಅವರೂ ಗಾಡಿ ನೋಡದೆಯೇ, "ಸೀಲೇ ಸಾರ್, ಗೇರ್‌ಬಾಕ್ಸ್ ಇಳಿಸಬೇಕು, ಇಳಿಸಿ ಹತ್ತಿಸುವ ಕೂಲಿಯೇ ಆರು ಸಾವಿರ ಆಗುತ್ತೆ" ಎಂದರು. ನಾನು ಬಿ.ಎಸ್‌ಸಿ. ಮಾಡಿದವನು, ರಸಾಯನಶಾಸ್ತ್ರದಲ್ಲಿ. ಕಾರಣ ಗೊತ್ತಾಗುವ ಮೊದಲು ನಿರ್ಣಯಕ್ಕೆ ಬರಬಾರದೆಂದು ಮೂರು ವರ್ಷ ಕಲಿತವನು. ಆದರೂ ಅಂದು ಮಧ್ಯಾಹ್ನವೇ ಸಂಘದ ಲೆಟರ್‌ಹೆಡ್ಡಿನಲ್ಲಿ ಮೇಸ್ತ್ರಿಗಳಿಗೆ, ಕೆಲಸ ತೃಪ್ತಿಕರವಾಗಿಲ್ಲದ ಕಾರಣ ಬಾಕಿ ಹಣವನ್ನು ತಡೆಹಿಡಿಯಲಾಗಿದೆ ಎಂದು ಪತ್ರ ಬರೆದು ಸಹಿ ಹಾಕಿದೆ. ಆ ತಪ್ಪು ಇದೇ.

ಮೇಸ್ತ್ರಿಗಳು ಸಂಜೆಯೇ ಬೈಕಿನಲ್ಲಿ ಬಂದರು. ಪತ್ರ ಕೈಯಲ್ಲಿತ್ತು. ಜಗಳವಾಡಲಿಲ್ಲ. "ಸಾರ್, ಸೀಲ್ ಹೋಗಿದ್ರೆ ನನ್ನ ಖರ್ಚಲ್ಲೇ ಹಾಕಿ ಕೊಡ್ತೀನಿ, ಗೇರ್‌ಬಾಕ್ಸ್ ಇಳಿಸಿದ ಕೂಲಿನೂ ಬೇಡ. ಆದರೆ ಸೀಲ್ ಹೋಗಿದೆ ಅಂತ ಯಾರು ನೋಡಿದ್ದು?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ. "ಹಾಗಾದರೆ ಮೊದಲು ನೋಡೋಣ. ನಾಳೆ ಭಾನುವಾರ, ನಾನು ಬರ್ತೀನಿ. ಇವತ್ತೇ ಗಾಡಿ ತೊಳೆಸಿ ಒಣಗಿಸಿ ಇಡಿ" ಎಂದು ಹೇಳಿ ಹೋದರು.

ಇಲ್ಲಿಂದ ಮುಂದೆ ಬರೆಯುವುದನ್ನು, ಸ್ವಂತ ಪಿಕಪ್ ಇಟ್ಟುಕೊಂಡಿರುವ ಸದಸ್ಯರು ದಯವಿಟ್ಟು ಗಮನವಿಟ್ಟು ಓದಬೇಕು.

ದೊಡ್ಡ ಕೆಲಸ ಆದ ಮೇಲೆ ಕಾಣುವ ಸೋರಿಕೆಗೂ ಹಳೆಯ ಗಾಡಿಯ ಸೋರಿಕೆಗೂ ಒಂದು ವ್ಯತ್ಯಾಸವಿದೆ. ಇಂಜಿನ್ ಬಿಚ್ಚಿ ಜೋಡಿಸುವಾಗ ಎಣ್ಣೆ, ನೀರು, ಡೀಸೆಲ್ ಚೆಲ್ಲುತ್ತವೆ. ಫಿಲ್ಟರ್ ತೆಗೆಯುವಾಗ ಚೆಲ್ಲಿದ್ದು, ಎಣ್ಣೆ ತುಂಬುವಾಗ ತುಳುಕಿದ್ದು, ಸಂದುಗೊಂದುಗಳಲ್ಲಿ, ಬೋಲ್ಟುಗಳ ಕುಳಿಗಳಲ್ಲಿ, ಚಾಸಿಸ್ಸಿನ ಒಳಮೂಲೆಗಳಲ್ಲಿ ನಿಂತಿದ್ದು, ಇಂಜಿನ್ ಬಿಸಿಯಾದಾಗ ತೆಳ್ಳಗಾಗಿ ನಾಲ್ಕಾರು ದಿನ ತೊಟ್ಟಿಕ್ಕುತ್ತಲೇ ಇರುತ್ತದೆ. ಅದು ಸೋರಿಕೆಯೇ ಅಲ್ಲ. ಆದುದರಿಂದ ತೊಳೆದು ಒಣಗಿಸದೆ ಯಾವುದನ್ನೂ ಹೇಳುವಂತಿಲ್ಲ. ತೊಳೆಯುವುದೆಂದರೆ ನೀರಿನ ಪಂಪು ಹಿಡಿದು ಎಲ್ಲ ಕಡೆಗೂ ಹೊಡೆಯುವುದಲ್ಲ. ಹಾಗೆ ಹೊಡೆದರೆ ಆಲ್ಟರ್ನೇಟರ್, ಸೆನ್ಸರುಗಳು ಕೆಟ್ಟು ಇನ್ನೊಂದು ರಿಪೇರಿ ಹುಟ್ಟುತ್ತದೆ. ಇಂಜಿನ್ ಪೂರ್ತಿ ತಣಿದ ಮೇಲೆ ಸ್ವಲ್ಪ ಡೀಸೆಲ್ಲು ಮತ್ತು ಬ್ರಶ್ಶಿನಿಂದ ಜಿಡ್ಡು ಬಿಡಿಸಿ, ಸೋಪಿನ ನೀರಲ್ಲಿ ಒರೆಸಿ, ಬಟ್ಟೆಯಿಂದ ಒಣಗಿಸಬೇಕು. ಡೀಸೆಲ್ಲಿನ ಪಸೆ ಉಳಿದಿರುವಾಗ ಇಂಜಿನ್ ಚಾಲು ಮಾಡಬಾರದು. ನಮ್ಮ ಹುಡುಗ ಮೂರು ಗಂಟೆ ಕೂತು ಇದನ್ನು ಮಾಡಿದ.

ಎರಡನೆಯದು, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಮಲೆನಾಡಿನಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ನಮ್ಮ ಅಂಗಳಗಳೆಲ್ಲ ಇಳಿಜಾರು. ಮೂತಿ ಮೇಲಾಗಿ ನಿಲ್ಲಿಸಿದ ಗಾಡಿಯಲ್ಲಿ ಮುಂದಿನ ಎಣ್ಣೆ ತಳದಗುಂಟ ಹಿಂದಕ್ಕೆ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ನಾವು ಕಾಫಿ ಒಣಗಿಸುವ ಕಣದ ಒಂದು ಮೂಲೆಯನ್ನು ಖಾಲಿ ಮಾಡಿಸಿದೆವು. ಸಿಮೆಂಟು ಕಣಕ್ಕೆ ಎಣ್ಣೆ ಬಿದ್ದರೆ ಕಾಫಿಗೆ ವಾಸನೆ ಹಿಡಿಯುತ್ತದಲ್ಲ ಎಂಬ ಚಿಂತೆಗೆ ಹುಡುಗನೇ ಉಪಾಯ ಹುಡುಕಿದ. ತೋಟದಿಂದ ಅಗಲವಾದ ಅಡಕೆ ಹಾಳೆಗಳನ್ನು ತಂದು, ತೊಳೆದು, ಗಾಡಿಯ ಕೆಳಗೆ ಸಾಲಾಗಿ ಹಾಸಿದ. ರೇಡಿಯೇಟರಿನ ಕೆಳಗೊಂದು, ಇಂಜಿನ್ ಚೇಂಬರಿನ ಕೆಳಗೊಂದು, ಬೆಲ್ ಹೌಸಿಂಗಿನ ಕೆಳಗೊಂದು, ಗೇರ್‌ಬಾಕ್ಸಿಗೆ, ಹಿಂದಿನ ಹೌಸಿಂಗಿಗೆ, ನಾಲ್ಕು ಚಕ್ರಗಳ ಒಳಮಗ್ಗುಲಿಗೆ ಒಂದೊಂದು. ಒಟ್ಟು ಒಂಬತ್ತು ಹಾಳೆ. ಪ್ರತಿಯೊಂದರ ಮೇಲೂ ಒಂದೊಂದು ಬಿಳಿ ಕಾಗದ. ಯಾವ ಭಾಗದಿಂದ ಯಾವ ಬಣ್ಣದ್ದು ಎಷ್ಟು ಬಿತ್ತು ಎಂಬುದಕ್ಕೆ ಬೆಳಗಾಗುವಷ್ಟರಲ್ಲಿ ಲಿಖಿತ ದಾಖಲೆ ಸಿದ್ಧವಾಗುತ್ತದೆ. ಇದಕ್ಕಿಂತ ಒಳ್ಳೆಯ ಯಂತ್ರವನ್ನು ನಾನು ಯಾವ ದೊಡ್ಡ ಗ್ಯಾರೇಜಿನಲ್ಲೂ ನೋಡಿಲ್ಲ.

ಮೂರನೆಯದು, ಬಿದ್ದದ್ದು ಏನು ಎಂಬುದು. "ಆಯಿಲ್ ಸೋರ್ತಿದೆ" ಎಂದು ಎಲ್ಲದಕ್ಕೂ ಒಂದೇ ಮಾತು ಹೇಳುವ ಅಭ್ಯಾಸ ನಮಗಿದೆ. ಒಂದು ಪಿಕಪ್ಪಿನೊಳಗೆ ಆರೇಳು ಬಗೆಯ ದ್ರವಗಳಿವೆ. ಇಂಜಿನ್ ಆಯಿಲ್ ಹೊಸದಿದ್ದಾಗ ಜೇನಿನ ಬಣ್ಣ. ಡೀಸೆಲ್ ಇಂಜಿನ್ನಿನಲ್ಲಿ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಗೇರ್‌ಬಾಕ್ಸ್ ಮತ್ತು ಹೌಸಿಂಗಿನ ಆಯಿಲ್ ಮಂದ, ಮೂಗಿಗೆ ಗಂಧಕದಂಥ ಘಾಟು. ಪವರ್ ಸ್ಟಿಯರಿಂಗಿನದ್ದು ಅನೇಕ ಗಾಡಿಗಳಲ್ಲಿ ಕೆಂಪು. ರೇಡಿಯೇಟರಿನ ಕೂಲೆಂಟು ಹಸಿರೋ ಗುಲಾಬಿಯೋ ಇರುತ್ತದೆ, ಸಿಹಿ ವಾಸನೆ. ಅದು ವಿಷ, ನಾಯಿಗಳು ರುಚಿಗೆ ನೆಕ್ಕಿ ಸಾಯುತ್ತವೆ, ನೆಲದ ಮೇಲೆ ಬಿಡಬಾರದು. ಡೀಸೆಲ್ಲನ್ನು ಮೂಗೇ ಹೇಳುತ್ತದೆ. ಏಸಿ ಇದ್ದರೆ ಅದರಿಂದ ಬೀಳುವುದು ಬರೀ ನೀರು, ಅದಕ್ಕಾಗಿ ಗ್ಯಾರೇಜಿಗೆ ಓಡಿದವರನ್ನೂ ನಾನು ಬಲ್ಲೆ. ಬ್ರೇಕ್ ಆಯಿಲ್ ಮಾತ್ರ ಕಣ್ಣಿಗೆ ಮೋಸ ಮಾಡುವ ವಸ್ತು. ಹೆಚ್ಚುಕಡಿಮೆ ನೀರಿನ ಬಣ್ಣ, ಮುಟ್ಟಿದರೆ ಜಾರು. ಬಣ್ಣ ಬಳಿದ ಕಡೆ ಬಿದ್ದರೆ ಬಣ್ಣವನ್ನು ಎಬ್ಬಿಸುತ್ತದೆ. ಅದನ್ನು ಗುರುತಿಸಲು ಸುಲಭದ ದಾರಿಯೊಂದಿದೆ. ಬೆರಳಿಗೆ ಹತ್ತಿದ್ದನ್ನು ಬರೀ ನೀರಿನಲ್ಲಿ ತೊಳೆಯಿರಿ. ಉಳಿದ ಎಣ್ಣೆಗಳು ಸೋಪಿಲ್ಲದೆ ಹೋಗುವುದಿಲ್ಲ, ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಹೋಗಿಬಿಡುತ್ತದೆ.

ಆದರೆ ಬೆರಳಿನ ವಿಷಯದಲ್ಲಿ ಒಂದು ಎಚ್ಚರಿಕೆ. ಈಗಿನ ಕಾಮನ್ ರೈಲ್ ಡೀಸೆಲ್ ಇಂಜಿನ್ನುಗಳಲ್ಲಿ ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ ಸಾವಿರ ಬಾರ್‌ಗೂ ಮೇಲೇರುತ್ತದೆ. ಇಂಜಿನ್ ಓಡುತ್ತಿರುವಾಗ ಆ ಪೈಪುಗಳ ಹತ್ತಿರ ಸೋರಿಕೆ ಹುಡುಕಲು ಕೈ ಹಾಕಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಚಿಮ್ಮು ಚರ್ಮವನ್ನು ತೂರಿ ಒಳಹೋಗಬಲ್ಲದು. ಹಾಗೆಯೇ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯುವುದು, ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗುವುದು, ಇವೆಲ್ಲ ನಮ್ಮ ಕಡೆ ಧೈರ್ಯದ ಕೆಲಸವೆಂದು ನಡೆದುಬಂದಿವೆ. ಬೇಡ.

ಭಾನುವಾರ ಮೇಸ್ತ್ರಿಗಳು ಬಂದಾಗ ರಾತ್ರಿಯ ಹಾಳೆಗಳಲ್ಲಿ ಏನೂ ದೊಡ್ಡದಾಗಿ ಬಿದ್ದಿರಲಿಲ್ಲ. ನನಗೆ ಆಶ್ಚರ್ಯ, ಅವರಿಗೆ ಇಲ್ಲ. "ಗಾಡಿ ಓಡಿಲ್ಲವಲ್ಲ ಸಾರ್. ನಿಂತಾಗ ಸೋರೋದು ಬೇರೆ, ಓಡುವಾಗ ಸೋರೋದು ಬೇರೆ" ಎಂದರು. ಇದೂ ತಿಳಿದಿರಬೇಕಾದ ಮಾತು. ಇಂಜಿನ್ ಚಾಲೂ ಆದೊಡನೆ ಜೋರಾಗಿ ಬರುವುದಾದರೆ ಒತ್ತಡದ ಭಾಗಗಳನ್ನು, ಅಂದರೆ ಆಯಿಲ್ ಫಿಲ್ಟರು ಮತ್ತು ಪ್ರೆಶರ್ ಸ್ವಿಚ್ಚನ್ನು ಅನುಮಾನಿಸಬೇಕು. ಹಳೆಯ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್ನಿಗೆ ಅಂಟಿಕೊಂಡೇ ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎಣ್ಣೆ ಧಾರೆಯಾಗಿ ಹೋಗುತ್ತದೆ. ಚೇಂಬರಿನ ಡ್ರೈನ್ ಬೋಲ್ಟಿಗೆ ಹಳೆಯ ವಾಷರನ್ನೇ ಹಾಕಿದ್ದರೆ ಹೊತ್ತಿಲ್ಲ ಗೊತ್ತಿಲ್ಲ, ಸದಾ ಒಂದೊಂದೇ ತೊಟ್ಟು. ಬಿಸಿಯಾದ ಮೇಲೆ ಮಾತ್ರ ಬರುವುದಾದರೆ ಕವರುಗಳ ಗ್ಯಾಸ್ಕೆಟ್ಟು. ಕೂಲೆಂಟಾದರೆ ಬಹುತೇಕ ಹೋಸ್ ಪೈಪಿನ ಕ್ಲಿಪ್ಪು. ಹೊಸ ಪೈಪು ಒಂದೆರಡು ಸಲ ಬಿಸಿಯಾಗಿ ತಣಿದ ಮೇಲೆ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿಮಾಡುವುದು ಒಳ್ಳೆಯದು. ಆದರೆ ಬಿಗಿ ಎಂದರೆ ಜೀವಹೋಗುವಂತೆ ಬಿಗಿಯುವುದಲ್ಲ. ಚೇಂಬರಿನ ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ತಗಡಿನ ಅಂಚು ಬಾಗಿ ಇನ್ನಷ್ಟು ಸೋರುತ್ತದೆ.

ಮೇಸ್ತ್ರಿಗಳು ಮೊದಲು ಕೈ ಹಾಕಿದ್ದು ಆಯಿಲ್ ಕಡ್ಡಿಗೆ. ಮಟ್ಟ ಮೇಲಿನ ಗೆರೆಯನ್ನೂ ದಾಟಿತ್ತು. "ಯಾರು ಹಾಕಿದ್ದು?" ಹುಡುಗ ತಲೆ ಕೆರೆದುಕೊಂಡ. ನೆಲದಲ್ಲಿ ಎಣ್ಣೆ ಕಂಡಾಗ ಕಡಿಮೆಯಾಗಿರಬಹುದೆಂದು ಅಳತೆ ನೋಡದೆ ಒಂದು ಲೀಟರ್ ಸುರಿದಿದ್ದ. ಎಣ್ಣೆ ಹೆಚ್ಚಾದರೂ ಸೋರಿಕೆ ಹೆಚ್ಚುತ್ತದೆ. ಅದರ ಮೇಲೆ ಹೊಸ ರಿಂಗುಗಳು ಲೈನರಿಗೆ ಹೊಂದಿಕೊಳ್ಳುವವರೆಗೆ ಉರಿದ ಗಾಳಿ ಸ್ವಲ್ಪ ಹೆಚ್ಚಾಗಿಯೇ ಕೆಳಗೆ ಚೇಂಬರಿಗೆ ನುಗ್ಗುತ್ತದೆ. ಆ ಗಾಳಿ ಹೊರಹೋಗುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೆ ಅಥವಾ ಮಡಚಿಕೊಂಡಿದ್ದರೆ ಒಳಗಿನ ಒತ್ತಡ ಎಲ್ಲ ಸೀಲುಗಳ ಮೂಲಕವೂ ಎಣ್ಣೆಯನ್ನು ಹೊರದಬ್ಬುತ್ತದೆ. ಆಗ ಸೀಲು ಬದಲಿಸಿದರೆ ಹೊಸ ಸೀಲೂ ಸೋರುತ್ತದೆ. ಬದಲಿಸಿದವನಿಗೆ ಕೂಲಿ ಬಂತು, ಗಾಡಿಯವನಿಗೆ ಮೊದಲಿದ್ದಲ್ಲೇ. ನಮ್ಮದರಲ್ಲಿ ಬ್ರೀದರ್ ಸರಿಯಿತ್ತು. ಹೆಚ್ಚಿನ ಎಣ್ಣೆಯನ್ನು ಇಳಿಸಿದರು.

ಕಡ್ಡಿಯ ಮಾತು ಬಂದದ್ದರಿಂದ ಇನ್ನೆರಡು ಮಾತು. ನೀವು ಹಾಕದೆಯೇ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿದರೆ ಸಂತೋಷಪಡಬೇಡಿ. ಡೀಸೆಲ್ಲೋ ರೇಡಿಯೇಟರಿನ ನೀರೋ ಒಳಗೆ ಸೇರುತ್ತಿದೆ ಎಂದರ್ಥ. ಕೆಳಗೆ ಒಂದು ತೊಟ್ಟೂ ಬೀಳದೆ ರೇಡಿಯೇಟರಿನ ನೀರು ಇಳಿಯುತ್ತಿದ್ದು, ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಗಾಡಿಯನ್ನು ಒಂದು ಮಾರೂ ಓಡಿಸದೆ ಮೇಸ್ತ್ರಿಯನ್ನು ಕರೆಸಬೇಕು. ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕಾಗುತ್ತದೆ. ಆದರೆ ಮಳೆಗಾಲದಲ್ಲಿ ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಗೆ ಚೂರು ಬಿಳಿ ಕೆನೆ ಕಟ್ಟುವುದು ಬರೀ ಹವೆಯ ತೇವದಿಂದಲೂ ಆಗುತ್ತದೆ. ಕಡ್ಡಿಯಲ್ಲಿ ಎಣ್ಣೆ ಶುದ್ಧವಾಗಿದ್ದು ನೀರಿನ ಮಟ್ಟ ಇಳಿಯದಿದ್ದರೆ ಒಂದು ದಿನ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಸಂಘದ ಸದಸ್ಯರೊಬ್ಬರು ಇಂಥ ಕೆನೆಗೆ ಹೆದರಿ ಹೆಡ್ ಬಿಚ್ಚಿಸಿದ್ದುಂಟು.

ಮೇಸ್ತ್ರಿಗಳು ನಂತರ ಇಂಜಿನ್ನಿನ ಹಿಂಭಾಗಕ್ಕೆಲ್ಲ ಮುಖದ ಪೌಡರನ್ನು ತೆಳ್ಳಗೆ ಉದುರಿಸಿದರು. ಹುಡುಗ ಗಾಡಿಯನ್ನು ಘಟ್ಟದ ದಾರಿಯಲ್ಲಿ ಎಂಟು ಕಿಲೋಮೀಟರ್ ಓಡಿಸಿ ಬಂದ. ಬಾನೆಟ್ ತೆಗೆದು ಟಾರ್ಚು ಬಿಟ್ಟು, ಸಣ್ಣ ಕನ್ನಡಿ ಹಿಡಿದು ನೋಡಿದಾಗ, ಟ್ಯಾಪೆಟ್ ಕವರಿನ ಹಿಂದಿನ ಎಡಮೂಲೆಯಿಂದ ಬಿಳಿ ಪೌಡರಿನ ಮೇಲೆ ಒಂದು ಕಪ್ಪು ಗೆರೆ ಸೀದಾ ಕೆಳಗಿಳಿದು ಬೆಲ್ ಹೌಸಿಂಗಿನ ಮೇಲೆ ಹರಡಿತ್ತು. ಎಣ್ಣೆ ಮೇಲಿನಿಂದ ಇಳಿಯುತ್ತಿತ್ತು, ಎಲ್ಲರೂ ನೋಡಿದ್ದು ಅದು ಬೀಳುವ ಜಾಗವನ್ನು. ಎಣ್ಣೆ ಇಳಿಜಾರಿಗೆ ಹರಿಯುತ್ತದೆ, ಓಡುವ ಗಾಡಿಯಲ್ಲಿ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ತೊಟ್ಟಿಕ್ಕುವಲ್ಲಿಂದ ಹೊರಟು ಮೇಲಕ್ಕೂ ಮುಂದಕ್ಕೂ ಹುಡುಕುತ್ತ ಹೋಗಿ, ತೇವ ಇರುವ ಅತ್ಯಂತ ಮೇಲಿನ ಜಾಗವನ್ನು ಹಿಡಿಯಬೇಕು. ಕವರ್ ತೆಗೆದರೆ ಗ್ಯಾಸ್ಕೆಟ್ಟಿನ ಒಂದು ತುದಿ ಮಡಚಿ ಕೂತಿತ್ತು. ಮೇಸ್ತ್ರಿಗಳ ಕೆಲಸದ ಹುಡುಗ ಮಾಡಿದ ತಪ್ಪು. ಅವರು ಅದನ್ನು ಮುಚ್ಚಿಡಲಿಲ್ಲ, ತಾವೇ ತೋರಿಸಿದರು. ಹೊಸ ಗ್ಯಾಸ್ಕೆಟ್ಟಿಗೆ ರೂ. ೩೮೦, ಅದನ್ನೂ ಅವರೇ ಹಾಕಿಕೊಂಡರು. ಗೇರ್‌ಬಾಕ್ಸ್ ಇದ್ದಲ್ಲೇ ಇದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಹಾಳೆಗಳನ್ನು ಎತ್ತಿಡುತ್ತಿದ್ದ ಡ್ರೈವರ್ ಹುಡುಗ, "ಇದೊಂದು ಒದ್ದೆಯಾಗಿದೆ" ಎಂದ. ಎಡ ಹಿಂಚಕ್ರದ ಒಳಗಡೆಯದು. ಅಡಕೆಯಷ್ಟಗಲದ ಎರಡು ಕಲೆ, ಬಣ್ಣವಿಲ್ಲ. ತೊಳೆದ ನೀರಿರಬೇಕು ಎಂದು ನಾನು ಅಂದೆ. ಮೇಸ್ತ್ರಿಗಳು ಬೆರಳಲ್ಲಿ ತಿಕ್ಕಿ ನೋಡಿ ಏನೂ ಹೇಳದೆ ನಲ್ಲಿಯ ಹತ್ತಿರ ಹೋಗಿ ತೊಳೆದರು. ಹೋಯಿತು. ಮತ್ತೆ ಗಾಡಿಯ ಕೆಳಗೆ ನುಗ್ಗಿದವರು ಬಹಳ ಹೊತ್ತಿನ ಮೇಲೆ ಈಚೆ ಬಂದು, "ಸಾರ್, ಒಂಚೂರು ಬಗ್ಗಿ ನೀವೇ ನೋಡಿ" ಎಂದರು. ಚಾಸಿಸ್ ಗುಂಟ ಹಿಂದಕ್ಕೆ ಹೋಗುವ ಬ್ರೇಕಿನ ಕಬ್ಬಿಣದ ಪೈಪು, ಕ್ಲಿಪ್ ಹಿಡಿದ ಜಾಗದಲ್ಲಿ ತುಕ್ಕು ತಿಂದು ಹಕ್ಕಳೆ ಎದ್ದಿತ್ತು. ಅಲ್ಲೇ ಜಿನುಗುತ್ತಿತ್ತು. ಅವರು ಉಗುರಿನಿಂದ ಕೆರೆದರೆ ಚಕ್ಕೆ ಉದುರಿತು.

ಮರುದಿನ, ಸೋಮವಾರ ಬೆಳಿಗ್ಗೆ, ಅದೇ ಗಾಡಿ ಮೂವತ್ತು ಮೂಟೆ ಅರೇಬಿಕಾ ಚೆರಿ ಹೊತ್ತು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಬೇಕಿತ್ತು. ಹುಡುಗನ ಜೊತೆ ಇಬ್ಬರು ಆಳುಗಳು ಹೊರಡುವವರಿದ್ದರು. ಈಗಿನ ಗಾಡಿಗಳಲ್ಲಿ ಬ್ರೇಕಿನ ಎಣ್ಣೆಗೆ ಎರಡು ಪ್ರತ್ಯೇಕ ದಾರಿಗಳಿರುವುದರಿಂದ ಒಂದು ಪೈಪು ಒಡೆದರೆ ಎಲ್ಲ ಬ್ರೇಕೂ ಒಟ್ಟಿಗೇ ಹೋಗುವುದಿಲ್ಲ ಎನ್ನುತ್ತಾರೆ. ನಿಜ. ಆದರೆ ಪೆಡಲು ಕೆಳಗಿಳಿದುಹೋಗಿ, ಅರ್ಧ ಬ್ರೇಕಿನಲ್ಲಿ, ಒಂದೂವರೆ ಟನ್ ಭಾರ ಹೊತ್ತು, ಚಾರ್ಮಾಡಿಯ ತಿರುವುಗಳಲ್ಲಿ ಏನಾಗುತ್ತದೆ ಎಂಬುದನ್ನು ಆ ದಾರಿ ಬಲ್ಲ ಓದುಗರಿಗೆ ನಾನು ವರ್ಣಿಸಬೇಕಾಗಿಲ್ಲ. ಇಡೀ ಸಂಘವೇ ಇಂಜಿನ್ನಿನ ಕೆಳಗಿನ ತಟ್ಟೆಯಗಲದ ಕಪ್ಪು ಕಲೆಯನ್ನು ನೋಡುತ್ತಿತ್ತು. ಬಣ್ಣವಿಲ್ಲದ ಈ ಎರಡು ತೊಟ್ಟನ್ನು ಯಾರೂ ನೋಡಿರಲಿಲ್ಲ. ಸೀಲು ಹಾಕಿಸಲು ಪೇಟೆಗೆ ಕಳಿಸಿದ್ದರೆ ಗೇರ್‌ಬಾಕ್ಸ್ ಇಳಿಯುತ್ತಿತ್ತು, ಹತ್ತುತ್ತಿತ್ತು, ಬಿಲ್ಲು ಬರುತ್ತಿತ್ತು, ಈ ಪೈಪು ಹಾಗೆಯೇ ಇರುತ್ತಿತ್ತು.

ಪೈಪು ಹೀಗೇಕಾಯಿತು? ಇದಕ್ಕೆ ಮೇಸ್ತ್ರಿಗಳೂ ಕಾರಣರಲ್ಲ, ಕಂಪನಿಯೂ ಅಲ್ಲ. ನಾವೇ. ಒಂದು ಪರ್ಸೆಂಟ್ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ನಮ್ಮ ಮಕ್ಕಳಿಗೂ ಬಾಯಿಪಾಠ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎಂಬುದೂ ಗೊತ್ತು. ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತೇವೆ. ಕತ್ತಿಗೆ ಕೆಂಪು ಕೂತರೆ ಸುಣ್ಣ ಸಾಲದು. ಆ ಕೆಂಪು ಎಂದರೆ ತಾಮ್ರ. ಮೈಲುತುತ್ತದಿಂದ ತಾಮ್ರ ಕತ್ತಿಯ ಮೇಲೆ ಕೂರುವಾಗ ಕತ್ತಿಯ ಕಬ್ಬಿಣ ಅಷ್ಟಷ್ಟೇ ಕರಗಿ ನೀರಿಗೆ ಹೋಗುತ್ತದೆ. ಇಷ್ಟೆಲ್ಲ ಬಲ್ಲ ನಾವು, ಹನ್ನೊಂದು ಮಳೆಗಾಲ, ಮೈಲುತುತ್ತದ ಡ್ರಮ್ಮುಗಳನ್ನು ಪಿಕಪ್ಪಿನ ಹಿಂದೆ ತುಳುಕಿಸಿಕೊಂಡು ತೋಟದಿಂದ ತೋಟಕ್ಕೆ ಹೋದೆವು. ಒಡೆದ ಪೊಟ್ಯಾಶ್ ಚೀಲಗಳನ್ನು ಮಳೆಯಲ್ಲಿ ಹೇರಿದೆವು. ಪೊಟ್ಯಾಶ್ ಎಂದರೆ ಒಂದು ಬಗೆಯ ಉಪ್ಪೇ. ಆ ಉಪ್ಪುನೀರು ಹಲಗೆಯ ಸಂದಿಯಿಂದ ಇಳಿದು ನಿಲ್ಲುವ ಜಾಗ ಇದೇ, ಚಾಸಿಸ್ಸಿನ ಪೈಪು ಮತ್ತು ಕ್ಲಿಪ್ಪು. ಒಂದು ಮಳೆಗಾಲದ ಕೊನೆಗಾದರೂ ಕೆಳಗಿನಿಂದ ನೀರು ಹಾಕಿ ತೊಳೆಸಿದ್ದರೆ! ತೊಳೆಸಿಲ್ಲ. ಸಂಘದ ಗಾಡಿ ಎಂದರೆ ಎಲ್ಲರದ್ದು, ಅಂದರೆ ಯಾರದ್ದೂ ಅಲ್ಲ.

ಪೈಪನ್ನು ತುಂಡಿಗೆ ತೇಪೆ ಹಾಕದೆ ಉದ್ದಕ್ಕೂ ಹೊಸದು ಹಾಕಿಸಿದೆವು. ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬಿ ಗಾಳಿ ಬಿಡಿಸಿದರು. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ, ಘಟ್ಟ ಇಳಿಯುವಾಗ ಬ್ರೇಕು ಕಾದು ಎಣ್ಣೆ ಕುದಿದರೆ ಪೆಡಲು ಒತ್ತಿದ್ದು ವ್ಯರ್ಥ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕಡಿಮೆಯಾಗಿದೆಯೆಂದು ಅದರ ಡಬ್ಬಿಗೆ ಇಂಜಿನ್ ಆಯಿಲ್ ಸುರಿದ ಪುಣ್ಯಾತ್ಮರು ನಮ್ಮ ತಾಲ್ಲೂಕಿನಲ್ಲಿ ಇದ್ದಾರೆ. ಹಾಗೆ ಮಾಡಿದರೆ ಒಳಗಿನ ರಬ್ಬರ್‌ಗಳೆಲ್ಲ ಊದಿ ಹಾಳಾಗುತ್ತವೆ. ಚೆರಿ ಗುರುವಾರ ಹೋಯಿತು, ಮೂರು ದಿನ ತಡವಾಗಿ.

ಅಂದು ಸಂಜೆ ಮೇಸ್ತ್ರಿಗಳಿಗೆ ಬಾಕಿ ೧೮,೦೦೦ದ ಚೆಕ್ಕು ಕೊಟ್ಟು, ನನ್ನ ಪತ್ರವನ್ನು ವಾಪಸು ಪಡೆದು, ಅವರೆದುರಿಗೇ ಹರಿದೆ. ಭಾನುವಾರ ಇಡೀ ದಿನ ನೋಡಿದ್ದಕ್ಕೆ ಎಷ್ಟು ಎಂದು ಕೇಳಿದೆ. "ನೋಡಿದ್ದಕ್ಕೆ ಏನು ಸಾರ್, ಏನೂ ಬೇಡ" ಎಂದರು. ಯೋಚಿಸಿ. ಒಬ್ಬ ಮನುಷ್ಯ ಗಾಡಿಯ ಕೆಳಗೆ ಆರು ಗಂಟೆ ಮಲಗಿ ಸಂಘದ ಆರು ಸಾವಿರ ಉಳಿಸಿದ, ಬಹುಶಃ ಮೂವರ ಜೀವ ಉಳಿಸಿದ, ಅದಕ್ಕೆ ಕೂಲಿ ಇಲ್ಲ. ಅದೇ ಮನುಷ್ಯ ನೋಡದೆ ಗೇರ್‌ಬಾಕ್ಸ್ ಇಳಿಸಿದ್ದರೆ ಆರು ಸಾವಿರ ಕೂಲಿ, ನಾವು ಮಾತಾಡದೆ ಕೊಡುತ್ತಿದ್ದೆವು.

ನನ್ನ ಅಭಿಪ್ರಾಯ ಇಷ್ಟೆ. ಬಿಚ್ಚಿದ್ದಕ್ಕೆ ಮಾತ್ರ ಹಣ ಕೊಡುವವರಿಗೆ ಬಿಚ್ಚುವ ಮೇಸ್ತ್ರಿಗಳೇ ಸಿಗುತ್ತಾರೆ. ಮೇಸ್ತ್ರಿಗಳು ಮೋಸಗಾರರೆಂದು ಕಟ್ಟೆಯ ಮೇಲೆ ಕೂತು ಬೈಯುವ ನಾವು, ಅವರು ನಿಧಾನವಾಗಿ ನೋಡುವುದಕ್ಕೆ ಎಂದಾದರೂ ಒಂದು ರೂಪಾಯಿ ಕೊಟ್ಟಿದ್ದೇವೆಯೇ? ನೋಡುವ ಹೊತ್ತು ಅವರಿಗೆ ನಷ್ಟದ ಹೊತ್ತು. ಹೊರಗೆ ಇನ್ನೂ ಮೂರು ಗಾಡಿ ನಿಂತಿರುತ್ತವೆ. ಅನುಮಾನ ಬಂದದ್ದನ್ನು ಬದಲಿಸಿ ಕಳಿಸುವುದೇ ಅವರಿಗೆ ಲಾಭ. ತೋಟದ ವಿಷಯದಲ್ಲಿ ನಾವು ಇಷ್ಟು ದಡ್ಡರಲ್ಲ. ೧೯೦೮ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್ನರು ಅಡಕೆಯ ಕೊಳೆರೋಗಕ್ಕೆ ಔಷಧ ಹೇಳುವ ಮೊದಲು ಮಳೆಯಲ್ಲಿ ತೋಟ ಸುತ್ತಿ, ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿದರು. ಬೋರ್ಡೋ ಸಿಂಪಡಣೆ ಬಂದದ್ದು ಆಮೇಲೆ. ಅವರಿಗೆ ಸಂಬಳ ಸಿಗುತ್ತಿದ್ದುದು ನೋಡುವುದಕ್ಕೇ. ಕಾಫಿ ಗಿಡ ಹಳದಿಯಾದರೆ ಗೊಬ್ಬರ ಸುರಿಯುವ ಮೊದಲು ಬಿಳಿ ಕಾಂಡಕೊರಕ ಇದೆಯೇ ಎಂದು ಕಾಂಡ ಸವರಿ ನೋಡುತ್ತೇವಲ್ಲ.

ಕೆಲವರು ಹೇಳುವ ಆಕ್ಷೇಪವೂ ನನಗೆ ಗೊತ್ತಿದೆ. ನೋಡುವ ಕೂಲಿ ಎಂದು ಶುರುಮಾಡಿದರೆ ಎಲ್ಲರೂ ಬಾನೆಟ್ ಎತ್ತಿ ಇಳಿಸಿ ಐನೂರು ಕೇಳುತ್ತಾರೆ ಎಂಬುದು. ಕೇಳಬಹುದು. ಅದಕ್ಕೆ, ಏನು ನೋಡಿದಿರಿ, ಎಲ್ಲಿ ನೋಡಿದಿರಿ ಎಂಬುದನ್ನು ಬರೆದು ಕೊಡಿ, ಸೋರುವ ಜಾಗವನ್ನು ನಮ್ಮ ಕಣ್ಣಿಗೆ ತೋರಿಸಿ ಎಂದು ಕೇಳುವ ಹಕ್ಕು ಹಣ ಕೊಟ್ಟವನಿಗೆ ಇರುತ್ತದೆ. ಬಿಟ್ಟಿ ನೋಡಿಸಿಕೊಂಡವನಿಗೆ ಇರುವುದಿಲ್ಲ. ದೊಡ್ಡ ಕೆಲಸ ಮಾಡಿಸುವಾಗ ಹಳೆಯ ಭಾಗಗಳನ್ನು ಚೀಲದಲ್ಲಿ ವಾಪಸು ಕೇಳಿ. ಏನೇನು ಬಿಚ್ಚಿದರು, ಏನೇನು ಹೊಸದು ಹಾಕಿದರು, ಆಗ ಮೀಟರ್ ಎಷ್ಟಿತ್ತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ನಮ್ಮ ಬಿಲ್ಲಿನಲ್ಲಿ "ಸೀಲ್ ಸೆಟ್ ಒಂದು" ಎಂದು ಮಾತ್ರ ಇತ್ತು. ಹಿಂದಿನ ಸೀಲು ಹೊಸದೋ ಹಳೆಯದೋ ಎಂದು ಹಳೆಯದನ್ನು ತೋರಿಸಿ ಹೇಳುವಂತಿದ್ದರೆ ಅರ್ಧ ಗದ್ದಲ ಅಲ್ಲಿಗೇ ನಿಲ್ಲುತ್ತಿತ್ತು.

ಆರು ನೂರು ರೂಪಾಯಿಯನ್ನು ಮೇಸ್ತ್ರಿಗಳ ಕೈಗೆ ನಾನೇ ಒತ್ತಾಯದಿಂದ ಕೊಟ್ಟೆ, ವೋಚರಿಗೆ ಸಹಿ ಮಾಡಿಸಿಕೊಂಡೆ. ಯಾವ ಬಾಬ್ತಿಗೆ ಬರೆಯುವುದೆಂದು ಗುಮಾಸ್ತರು ಕೇಳಿದರು. ಬಿಡಿಭಾಗವಲ್ಲ, ರಿಪೇರಿಯೂ ಅಲ್ಲ. ಹೊಸದಾಗಿ "ಪರಿಶೀಲನೆ" ಎಂದು ಬರೆಸಿದೆ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಆ ಬಾಬ್ತಿಗೆ ವರ್ಷಕ್ಕೆ ಐದು ಸಾವಿರ ಮಂಜೂರು ಮಾಡಬೇಕೆಂದು ಕೇಳುವವನಿದ್ದೇನೆ. ಒಪ್ಪಿಗೆಯಾದರೆ ಮಳೆ ಕಳೆದ ಮೇಲೆ, ಕೊಯ್ಲು ಶುರುವಾಗುವ ಮೊದಲು, ಸದಸ್ಯರ ಪಿಕಪ್ಪು ಜೀಪುಗಳ ಬ್ರೇಕ್ ಪೈಪುಗಳನ್ನು ಒಂದು ಭಾನುವಾರ ಸಂಘದ ಕಣದಲ್ಲಿ ನೋಡಿಸೋಣ. ಮೇಸ್ತ್ರಿಗಳು ಬರಲು ಒಪ್ಪಿದ್ದಾರೆ. ಬರುವವರು ಹಿಂದಿನ ದಿನವೇ ಗಾಡಿಯ ತಳವನ್ನು ತೊಳೆಸಿ ಒಣಗಿಸಿ ತರಬೇಕು. ಹಾಳೆಗಳನ್ನೂ ಅವರವರೇ ತರಬೇಕು, ಸಂಘದಲ್ಲಿದ್ದದ್ದನ್ನೆಲ್ಲ ಹುಡುಗ ಗಾಡಿಯ ಕೆಳಗೆ ಹಾಸಿ ಮುಗಿಸಿದ್ದಾನೆ.

— ಕಾರ್ಯದರ್ಶಿ